ಕುಸಿಯದ ಹಾಸಿಗೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹಿರಿಯರ ಬಳಗದ ಪದಾಧಿಕಾರಿಗಳೇ, ‘ಆದರ್ಶ ಪುತ್ರ’ ಎಂಬ ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿರುವ ನನ್ನ ಅಣ್ಣನವರೇ, ಮೊದಲ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿರುವ ನನ್ನ ಅಮ್ಮನೇ, ಹಾಗೂ ಸಭಿಕರೇ,

ಒಂದು ಮಾತನ್ನು ಹೇಳದೆಯೇ ಇಳಿದುಹೋಗಬೇಕೆಂದು ನಿರ್ಧರಿಸಿಕೊಂಡು ಈ ಮೆಟ್ಟಿಲು ಹತ್ತಿದೆ. ಮೈಕು ಕೈಗೆ ಬಂದ ಮೇಲೆ ಮನಸ್ಸು ಬದಲಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆಂದು ಇಟ್ಟುಕೊಂಡರೆ ಅಷ್ಟರಲ್ಲಿ ನಿಮಗೆ ಹಸಿವಾಗುತ್ತದೆ, ನನ್ನ ಧೈರ್ಯ ಹೋಗುತ್ತದೆ.

ಈಗ ತಾನೇ ಈ ಗೋಡೆಯ ಮೇಲೆ ಒಂದು ವಿಡಿಯೋ ನೋಡಿದಿರಿ. ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಅದರಲ್ಲಿ ನನ್ನ ಅಣ್ಣ ಅಮ್ಮನ ಕೋಣೆಗೆ ಬರುತ್ತಾನೆ, ಹಾಸಿಗೆಯ ಅಂಚಿನಲ್ಲಿ ಕೂರುತ್ತಾನೆ, ಅಮ್ಮನಿಗೆ ಚಮಚದಲ್ಲಿ ಸೂಪು ಕುಡಿಸುತ್ತಾನೆ. ಆದರೆ ಅವನು ಕೂತಾಗ ಹಾಸಿಗೆ ಕುಸಿಯುವುದಿಲ್ಲ.

ಯಾರಾದರೂ ಗಮನಿಸಿದಿರಾ? ಇಲ್ಲ. ಆಯ್ಕೆ ಸಮಿತಿಯವರು ಗಮನಿಸಿದರಾ? ಇಲ್ಲ. ಮೂವತ್ತು ವರ್ಷದಿಂದ ಹಾಸಿಗೆಯನ್ನೇ ಮಾರುತ್ತಿರುವ ನನ್ನ ಅಣ್ಣ ಗಮನಿಸಿದನಾ? ಗಮನಿಸಿದ. ಆ ಕಥೆ ಆಮೇಲೆ ಹೇಳುತ್ತೇನೆ.

ಹಾಸಿಗೆ ಯಾಕೆ ಕುಸಿಯಲಿಲ್ಲವೆಂದರೆ ಅಣ್ಣ ಅದರ ಮೇಲೆ ಕೂರಲಿಲ್ಲ. ಆ ಕೋಣೆಗೇ ಬರಲಿಲ್ಲ. ಅಮ್ಮನನ್ನು ಮನೆಯಲ್ಲಿ, ಅಣ್ಣನನ್ನು ಅವನ ಗೋಡೌನಿನಲ್ಲಿ ಬೇರೆಬೇರೆಯಾಗಿ ಚಿತ್ರೀಕರಿಸಿ, ಕಂಪ್ಯೂಟರಿನಲ್ಲಿ ತಾಯಿ ಮಗನನ್ನು ಕೂಡಿಸಿದವಳು ನಾನು.

ಕಾರ್ಯದರ್ಶಿಗಳೇ, ದಯವಿಟ್ಟು ಕೂತುಕೊಳ್ಳಿ. ನೀವೇ ತಾನೇ ಫೋನು ಮಾಡಿ, “ತಂಗಿ ಅಂತ ಎರಡು ಮಾತು ಆಡಿ ಮೇಡಂ, ಮನಸ್ಸಿಂದ ಬಂದ ಮಾತು ಆಗ್ಬೇಕು” ಅಂದದ್ದು? ಮನಸ್ಸಿಂದಲೇ ಬರುತ್ತಿದೆ.

ಸಭಿಕರೇ, ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಶಾಲೆಯಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹಾಗಾಗಿ ಬೆಂಚಿನ ಮೇಲೆ ನಿಂತು ಕನ್ನಡ ಮಾತಾಡುವುದು ನನಗೆ ಹಳೆಯ ಅಭ್ಯಾಸ. ಇವತ್ತು ಬೆಂಚಿನ ಬದಲು ವೇದಿಕೆ ಕೊಟ್ಟಿದ್ದೀರಿ, ಕೃತಜ್ಞಳಾಗಿದ್ದೇನೆ. ತಪ್ಪಿದ್ದರೆ ತಿದ್ದಿ. ಭಾಷೆಯ ತಪ್ಪನ್ನು ಮಾತ್ರ.

ನನ್ನ ಕಸುಬು ಕಟ್ಟುಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಹಲ್ಲು ಮಾಡಿ ಕಳಿಸುತ್ತೇನೆ. ಮುಂದಿನ ಸಾಲುಗಳಲ್ಲಿ ನಗುತ್ತಿರುವವರಲ್ಲಿ ಕೆಲವರ ನಗು ನನ್ನದೇ. ಹೆಸರು ಹೇಳುವುದಿಲ್ಲ, ಹೆದರಬೇಡಿ. ಈ ಕಸುಬಿನಲ್ಲಿ ಕಲಿಯುವ ಮೊದಲ ಪಾಠ ಏನು ಗೊತ್ತೇ? ಹೊಸ ಹಲ್ಲು ಅಪ್ಪಟ ಬಿಳಿಯಾಗಿದ್ದರೆ ಕೆಟ್ಟಿತು. ಪಕ್ಕದ ಹಲ್ಲಿನ ಹಳದಿ, ಅದರ ಕಲೆ, ಅದರಲ್ಲಿರುವ ಕೂದಲೆಳೆಯಂಥ ಸೀಳು, ಎಲ್ಲವನ್ನೂ ಹೊಸದಕ್ಕೂ ಕೊಡಬೇಕು. ಸುಳ್ಳನ್ನು ಜನ ನಂಬಬೇಕಾದರೆ ಅದಕ್ಕೂ ಸ್ವಲ್ಪ ಕೊಳೆ ಬೇಕು.

ನಲವತ್ತು ದಾಟಿದ ಮೇಲೆ ನನಗೆ ವಿಡಿಯೋದ ಹುಚ್ಚು ಹಿಡಿಯಿತು. ಯಾಕೆ ಹಿಡಿಯಿತು ಎಂದು ನನ್ನನ್ನೇ ಹಲವು ಸಲ ಕೇಳಿಕೊಂಡಿದ್ದೇನೆ. ದಿನವಿಡೀ ಬೇರೆಯವರ ಬಾಯೊಳಗೆ ಇಣುಕುವವಳಿಗೆ ಸ್ವಲ್ಪ ಆಕಾಶ ಬೇಕೆನಿಸಿರಬಹುದು. ಒಂದು ಹಳೆಯ ಕ್ಯಾಮೆರಾ ಕೊಂಡೆ. ಸಂಜೆಯ ತರಗತಿಗೆ ಸೇರಿದೆ. ಅಲ್ಲಿ ನನ್ನ ಸಹಪಾಠಿಗಳನ್ನು ನೀವು ನೋಡಬೇಕಿತ್ತು. ಒಬ್ಬರು ನಿವೃತ್ತ ಬಸ್ ಡ್ರೈವರು. ಏನೇ ಚಿತ್ರೀಕರಿಸಲಿ, ನೇರ ಮುಂದಕ್ಕೇ ಹೋಗುತ್ತಿದ್ದರು. ಅಕ್ಕಪಕ್ಕ ತಿರುಗಿಸಿ ಎಂದರೆ “ಕನ್ನಡಿ ಎಲ್ಲಿದೆ?” ಎನ್ನುತ್ತಿದ್ದರು. ಇನ್ನೊಂದು ಜೋಡಿ ಗಂಡ ಹೆಂಡತಿ. ಕ್ಯಾಮೆರಾಕ್ಕಿಂತ ಅದರ ಚೀಲಕ್ಕೇ ಹೆಚ್ಚು ಕೊಟ್ಟಿದ್ದರು. ವರ್ಷಪೂರ್ತಿ ಲೆನ್ಸಿನ ಬಗ್ಗೆ ಜಗಳವಾಡಿದರು, ಒಂದು ಚಿತ್ರವನ್ನೂ ತೆಗೆಯಲಿಲ್ಲ. ನಾನೇನು ಕಡಿಮೆಯೇ? ಕುಣಿಯಲಾರದವಳಿಗೆ ನೆಲ ಡೊಂಕು. ಚಿತ್ರ ಅಲುಗಾಡಿದರೆ ಟ್ರೈಪಾಡ್ ಸರಿಯಿಲ್ಲ ಎನ್ನುತ್ತಿದ್ದೆ. ಟ್ರೈಪಾಡ್ ಹೊಸದು ತಂದ ಮೇಲೆ ಭೂಮಿಯೇ ಸರಿಯಿಲ್ಲ ಎಂದು ತೀರ್ಮಾನಿಸಿದೆ.

ಆಮೇಲೆ ಕಂಪೋಸಿಟಿಂಗ್ ಕಲಿತೆ. ಹೆಸರು ದೊಡ್ಡದು, ಕೆಲಸ ಸರಳ. ಎರಡು ಕಡೆ ನಡೆದದ್ದನ್ನು ಒಂದೇ ಕಡೆ ನಡೆದಂತೆ ಕೂಡಿಸುವುದು. ಮನುಷ್ಯನನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸಬೇಕು. ಕಂಪ್ಯೂಟರಿಗೆ ‘ಹಸಿರೆಲ್ಲ ತೆಗೆದುಹಾಕು’ ಎಂದರೆ ಬಟ್ಟೆ ಮಾಯವಾಗಿ ಮನುಷ್ಯ ಉಳಿಯುತ್ತಾನೆ. ಆ ಮನುಷ್ಯನನ್ನು ಎಲ್ಲಿ ಬೇಕಾದರೂ ಇಡಬಹುದು: ಸಮುದ್ರದ ಮೇಲೆ, ಚಂದ್ರನ ಮೇಲೆ, ಬೇರೆಯವರ ಮನೆಯ ಹಾಸಿಗೆಯ ಮೇಲೆ.

ಬಟ್ಟೆಯಂಗಡಿಯಲ್ಲಿ ಆ ಕಣ್ಣು ಚುಚ್ಚುವ ಹಸಿರನ್ನು ಕೇಳಿದಾಗ ಅಂಗಡಿಯಾತ ಥಾನನ್ನು ಮೂಲೆಯಿಂದ ಎಳೆದು ಧೂಳು ಕೊಡವಿ, “ಯಾವುದಕ್ಕೆ ಮೇಡಂ? ಇದನ್ನ ತಗೊಂಡೋರು ಇದುವರೆಗೆ ಯಾರೂ ಇಲ್ಲ” ಎಂದ. ನಾನು “ಮಾಯ ಮಾಡೋಕೆ” ಎಂದೆ. ಅವನು ಸ್ವಲ್ಪ ಹಿಂದೆ ಸರಿದು ಕತ್ತರಿಸಿದ.

ನನ್ನ ಮೊದಲ ನಟಿ ಅಮ್ಮ. ಅಮ್ಮನನ್ನು ಚಂದ್ರನ ಮೇಲೆ ನಡೆಸೋಣವೆಂದುಕೊಂಡೆ. ಅಮ್ಮ ಉತ್ಸಾಹದಿಂದ ತನ್ನ ಒಳ್ಳೆಯ ಸ್ವೆಟರು ಹಾಕಿಕೊಂಡು ಬಂದಳು. ಸ್ವೆಟರಿನ ಬಣ್ಣ ಹಸಿರು. ಕಂಪ್ಯೂಟರು ಹೇಳಿದ ಮಾತು ಕೇಳುವ ಪ್ರಾಣಿ. ಬಟ್ಟೆಯ ಜೊತೆ ಸ್ವೆಟರನ್ನೂ ಮಾಯ ಮಾಡಿತು. ಚಂದ್ರನ ಮೇಲೆ ಸೊಂಟದಿಂದ ಮೇಲಕ್ಕೆ ಅಮ್ಮನ ತಲೆ, ಎರಡು ಕೈ ಮಾತ್ರ ತೇಲಾಡಿದವು. ನಾನು ಅಳುವ ಹಾಗಾಗಿದ್ದೆ. ಅಮ್ಮ ಪರದೆಯ ಹತ್ತಿರ ಬಂದು ನೋಡಿ, “ಸರಿಯಾಗೇ ಬಂದಿದೆ ಕಣೇ. ಇವಳು ಸತ್ಮೇಲೂ ಬಾಯೊಂದು ಉಳಿಯುತ್ತೆ ಅಂತ ನಿಮ್ಮಪ್ಪ ಹೇಳ್ತಾನೇ ಇದ್ರು” ಎಂದಳು.

ಅಮ್ಮನ ಪರಿಚಯ ಮಾಡಿಕೊಡುವುದನ್ನು ಮರೆತೆ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಆಯುಷ್ಯದ ಅರ್ಧಭಾಗ ಮುಖ ಕಾಣದವರ ಹತ್ತಿರ ಮಾತಾಡಿದವಳು. ‘ಸ್ವಲ್ಪ ತಡೀರಿ, ಸಿಕ್ತಾರೆ’ ಎಂದು ಊರಿಗೆಲ್ಲ ಹೇಳಿದವಳು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಇನ್ನು ಅಣ್ಣನ ಪರಿಚಯ. ನೀವು ಕೂತಿರುವ ಕುರ್ಚಿಯ ಮೆತ್ತೆಗಳೇ ಅವನನ್ನು ಪರಿಚಯಿಸುತ್ತವೆ. ಎಲ್ಲವೂ ಅವನ ಶೋರೂಮಿನ ಕೊಡುಗೆ. ಈ ಊರಿನಲ್ಲಿ ಯಾರು ಬೆನ್ನುನೋವಿಲ್ಲದೆ ಎದ್ದರೂ ಅದರಲ್ಲಿ ಅವನಿಗೆ ಪಾಲಿದೆ. ಮಾತು ಬಲ್ಲವನು, ನಾಲ್ಕು ಜನಕ್ಕೆ ಬೇಕಾದವನು. ನಮ್ಮ ಮನೆಗೂ ಅವನ ಶೋರೂಮಿಗೂ ಎರಡು ಬಸ್ ಸ್ಟಾಪಿನ ದೂರ. ದೂರದೇಶದಲ್ಲಿದ್ದಾನೆಂದು ಸಮಾಧಾನ ಮಾಡಿಕೊಳ್ಳುವ ಅನುಕೂಲವೂ ಅಮ್ಮನಿಗಿಲ್ಲ. ಅವನ ಜಾಹೀರಾತು ಫಲಕ ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಅಮ್ಮ ಪಾತ್ರೆ ತೊಳೆಯುತ್ತಾ ಅದನ್ನು ನೋಡಿ, “ಇವತ್ತು ಟೈ ಬದಲಾಯಿಸಿದಾನೆ” ಎನ್ನುವುದುಂಟು. ಪೊರೆ ಬಂದ ಕಣ್ಣಿಗೆ ಹಾಗೆಲ್ಲ ಕಾಣುತ್ತದೆ.

ಹೋದ ವರ್ಷ ಅವನ ಶೋರೂಮಿನ ವಾರ್ಷಿಕೋತ್ಸವ. ಅದಕ್ಕೊಂದು ವಿಡಿಯೋ ಬೇಕು, ಅದರಲ್ಲಿ ಅಮ್ಮ ಇರಬೇಕು, ಹಾಸಿಗೆ ಇರಬೇಕು, ಮಗನ ಪ್ರೀತಿ ಇರಬೇಕು. “ದುಡ್ಡು ಕೊಟ್ಟು ಯಾರನ್ನೋ ಕರೆಸೋದ್ಯಾಕೆ? ನೀನೇ ಇದೀಯಲ್ಲ” ಎಂದ. ಜೀವನದಲ್ಲಿ ಮೊದಲ ಸಲ ನನ್ನ ಹವ್ಯಾಸವನ್ನು ಅವನು ಗೌರವಿಸಿದ್ದು. ನಾನು ಹಿಗ್ಗಿದೆ. ಅಮ್ಮ ನನಗಿಂತ ಹೆಚ್ಚು ಹಿಗ್ಗಿದಳು. ಚಿತ್ರೀಕರಣಕ್ಕಾದರೂ ಅವನು ಮನೆಗೆ ಬರುತ್ತಾನಲ್ಲ!

ಮೊದಲ ಭಾನುವಾರ ಸರಕು ಬಂತು, ಅವನು ಬರಲಿಲ್ಲ. ಮುಂದಿನ ಭಾನುವಾರ ಗಿರಾಕಿ ಬಂದರು, ಅವನು ಬರಲಿಲ್ಲ. ಆಮೇಲಿನದಕ್ಕೆ ಅತ್ತಿಗೆಯ ತಮ್ಮ ಬಂದಿದ್ದ. ಅಮ್ಮ ಪ್ರತಿ ಭಾನುವಾರ ತಲೆ ಬಾಚಿಕೊಂಡು, ಹಾಸಿಗೆಯ ಹೊದಿಕೆ ಬದಲಾಯಿಸಿ ಕೂರುತ್ತಿದ್ದಳು. ನಾನು ಲೈಟು ಹೊಂದಿಸಿ ಕಾಯುತ್ತಿದ್ದೆ. ಕೊನೆಗೆ ಅವನ ಫೋನು ಬಂತು.

“ನಿನ್ನ ಹತ್ರ ಅದೇನೋ ಹಸಿರು ಬಟ್ಟೆ ಇದೆಯಲ್ಲ?”

“ಇದೆ. ಯಾಕಣ್ಣ?”

“ಅದನ್ನ ತಗೊಂಡು ನೀನೇ ಗೋಡೌನಿಗೆ ಬಂದ್ಬಿಡು. ನನ್ನ ಭಾಗ ಇಲ್ಲೇ ತೆಗಿ. ಅಮ್ಮಂದು ಮನೇಲಿ ತೆಗಿ. ಆಮೇಲೆ ಜೋಡಿಸ್ಕೊ. ನೀನೇ ಹೇಳ್ತಿದ್ದೆ, ಚಂದ್ರನ ಮೇಲೂ ಕೂರಿಸ್ಬಹುದು ಅಂತ.”

“ಚಂದ್ರ ದೂರ ಅಣ್ಣ. ಮನೆ ಹತ್ರ ಇದೆ.”

“ತಮಾಷೆ ಮಾಡ್ಬೇಡ ಕಣೇ. ನಂಗೆ ಟೈಮಿಲ್ಲ.”

ಹೋದೆ. ಬಟ್ಟೆಗೆ ಇಸ್ತ್ರಿ ಮಾಡಿ, ಮಡಿಕೆ ಬೀಳದಂತೆ ಸುತ್ತಿಕೊಂಡು, ಬಸ್ಸಿನಲ್ಲಿ ಬೈಸಿಕೊಂಡು ಹೋದೆ. ಗೋಡೌನಿನಲ್ಲಿ ಸೂರಿನವರೆಗೆ ಹಾಸಿಗೆಗಳ ರಾಶಿ. ಅವನನ್ನು ಕೂರಿಸಲು ಮಾತ್ರ ಒಂದು ಹಾಸಿಗೆಯೂ ಸಿಗಲಿಲ್ಲ; ಪ್ಲಾಸ್ಟಿಕ್ ಸುತ್ತಿದ್ದನ್ನು ಬಿಚ್ಚಿದರೆ ಮಾರಲಾಗುವುದಿಲ್ಲವಂತೆ. ಮರದ ಪೆಟ್ಟಿಗೆಯೊಂದಕ್ಕೆ ಹಸಿರು ಬಟ್ಟೆ ಹೊದಿಸಿದೆ, ಅದರ ಮೇಲೆ ಕೂತ. ಸಭಿಕರೇ, ತಪ್ಪು ನಡೆದದ್ದು ಅಲ್ಲೇ.

ಈ ಕೆಲಸದಲ್ಲಿ ಇನ್ನೊಂದು ಕ್ರಮವಿದೆ. ಇಲ್ಲದ ಮನುಷ್ಯನನ್ನು ನೋಡಿ ನಟಿಸಬೇಕಾದಾಗ ಕಣ್ಣು ಎಲ್ಲೆಲ್ಲೋ ಅಲೆಯುತ್ತದೆ. ಅದಕ್ಕೆ ಒಂದು ಕೋಲಿನ ತುದಿಗೆ ಚೆಂಡು ಸಿಕ್ಕಿಸಿ, ಆ ಮನುಷ್ಯನ ಮುಖ ಇರಬೇಕಾದ ಎತ್ತರದಲ್ಲಿ ಹಿಡಿಯುತ್ತಾರೆ. ನಟರು ಚೆಂಡನ್ನು ನೋಡಿ ಮಾತಾಡುತ್ತಾರೆ. ನಮ್ಮ ಅಣ್ಣನಿಗೂ ಟೆನಿಸ್ ಚೆಂಡು ಹಿಡಿದೆ. “ಇದು ಅಮ್ಮ” ಎಂದೆ. ಅವನು ಖಾಲಿ ಚಮಚವನ್ನು ಚೆಂಡಿನ ಕಡೆಗೆ ಚಾಚಿ, “ಸ್ವಲ್ಪ ಕುಡಿಯಮ್ಮ, ನಂಗೋಸ್ಕರ” ಎಂದ. ಮಧ್ಯೆ ಫೋನು ಬಂತು. ಒಂದು ಕೈಯಲ್ಲಿ ಚೆಂಡಿಗೆ ಕುಡಿಸುತ್ತಾ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, “ಡಬಲ್ ಕಾಟಿಂದು ಸ್ಟಾಕ್ ಇಲ್ಲ” ಎಂದ. ಸತ್ಯ ಹೇಳಬೇಕೆಂದರೆ ಚೆಂಡಿನ ಬಗ್ಗೆ ಅವನ ಮುಖದಲ್ಲಿ ಪ್ರೀತಿ ಚೆನ್ನಾಗಿಯೇ ಬಂದಿತ್ತು. ಚೆಂಡು ತಿರುಗಿ ಏನೂ ಕೇಳುವುದಿಲ್ಲ, ನೋಡಿ.

ಮನೆಗೆ ಬಂದು ಅಮ್ಮನ ಭಾಗ ತೆಗೆದೆ. ಅಮ್ಮನಿಗೂ ಕೋಲಿನ ತುದಿಯ ಚೆಂಡು ಹಿಡಿದು, “ಇದನ್ನ ನೋಡಮ್ಮ, ಇಲ್ಲಿ ಅಣ್ಣ ಕೂತಿದಾನೆ ಅಂದ್ಕೋ” ಎಂದೆ.

ಅಮ್ಮ ಚೆಂಡನ್ನು ಒಮ್ಮೆ ನೋಡಿ, “ಇದನ್ನ ತೆಗಿ ಆ ಕಡೆ. ಚೆಂಡು ಯಾಕೆ ಬೇಕು ನಂಗೆ? ಆ ಜಾಗ ನಂಗೆ ಗೊತ್ತು. ಎಷ್ಟು ವರ್ಷದಿಂದ ನೋಡ್ತಾ ಇದೀನಿ” ಎಂದಳು.

ನಾನು ಚೆಂಡು ತೆಗೆದೆ. ಅಮ್ಮ ಹಾಸಿಗೆಯ ಖಾಲಿ ಅಂಚನ್ನು ನೋಡಿದಳು, ಮಾತಾಡಿದಳು, ನಕ್ಕಳು. ಒಂದೇ ಸಲಕ್ಕೆ ಮುಗಿಯಿತು. ಇವತ್ತು ನೀವು ವಿಡಿಯೋ ನೋಡುವಾಗ ಹಿಂದಿನ ಸಾಲಿನಲ್ಲಿ ಯಾರೋ, “ತಾಯಿ ಮಗನ್ನ ಹೇಗೆ ನೋಡ್ತಾಳೆ ನೋಡಿ” ಎಂದು ಕಣ್ಣೊರೆಸಿಕೊಂಡದ್ದು ನನಗೆ ಕೇಳಿಸಿತು. ನಿಮ್ಮ ಕಣ್ಣೀರು ಸುಳ್ಳಲ್ಲ. ಅಮ್ಮನ ನೋಟವೂ ಸುಳ್ಳಲ್ಲ. ಆ ನೋಟ ಹೋಗಿ ತಾಕುವ ಕಡೆ ನಾನು ಅವನನ್ನು ತಂದು ಅಂಟಿಸಿದೆ, ಅಷ್ಟೇ.

ಹಾಗಾದರೆ ಸೂಪು ಕುಡಿಸಿದ್ದು ಯಾರು? ಚಮಚ ಬಾಯಿಗೆ ಮುಟ್ಟುವುದನ್ನು ಹತ್ತಿರದಿಂದ ತೋರಿಸಬೇಕಿತ್ತು, ಅದನ್ನು ಜೋಡಿಸುವಷ್ಟು ವಿದ್ಯೆ ನನಗಿನ್ನೂ ಬಂದಿರಲಿಲ್ಲ. ಅಣ್ಣನ ಶರಟನ್ನು ಗೋಡೌನಿನಿಂದಲೇ ತಂದಿದ್ದೆ. ಅದರ ತೋಳಿಗೆ ನನ್ನ ಕೈ ತೂರಿಸಿ, ಅವನದರಂಥದ್ದೇ ಒಂದು ಗಡಿಯಾರ ಕಟ್ಟಿಕೊಂಡು ನಾನೇ ಕುಡಿಸಿದೆ. ಅದರಲ್ಲೇನು ವಿಶೇಷ? ಶರಟು, ಗಡಿಯಾರ ಬಿಟ್ಟರೆ ಉಳಿದದ್ದು ದಿನವೂ ಮಾಡುವುದೇ. ವಿಡಿಯೋದ ಕೆಳಗೆ ಒಬ್ಬ ಹೆಂಗಸು ಬರೆದಿದ್ದಾರೆ: ‘ಗಂಡಸಿನ ಕೈ ಇಷ್ಟು ನಾಜೂಕಾಗಿರುವುದನ್ನು ನಾನು ನೋಡಿಯೇ ಇಲ್ಲ.’ ನಾನೂ ನೋಡಿಲ್ಲ ತಾಯಿ.

ನೀವು ಕೇಳಬಹುದು, ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡಿದೆ? ನಾನೂ ಕೇಳಿಕೊಂಡಿದ್ದೇನೆ. ಅಣ್ಣನ ಮಾತು ಮೀರಲಾಗಲಿಲ್ಲ ಎಂದರೆ ಅದು ನನ್ನ ಬಗ್ಗೆ ನಾನೇ ಹೇಳಿಕೊಳ್ಳುವ ಒಳ್ಳೆಯ ಮಾತು. ನಿಜ ಅಷ್ಟು ಒಳ್ಳೆಯದಲ್ಲ. ನನಗೆ ಆ ಕೆಲಸ ಇಷ್ಟವಾಗಿತ್ತು. ಅವನ ಕಿವಿಯ ಪಕ್ಕದ ಕೂದಲಿಗೆ ಹಸಿರಿನ ಛಾಯೆ ಹತ್ತಿತ್ತು. ಅದನ್ನು ಒಂದೊಂದು ಎಳೆಯಾಗಿ ತೆಗೆದೆ. ಗೋಡೌನಿನ ಟ್ಯೂಬ್‌ಲೈಟಿನ ಬೆಳಕು ನೀಲಿ, ಅಮ್ಮನ ಕೋಣೆಯ ಬಿಸಿಲು ಹಳದಿ; ಹಲ್ಲಿಗೆ ಬಣ್ಣ ಹೊಂದಿಸುವಂತೆ ಅವನ ಕೆನ್ನೆಗೆ ಅಮ್ಮನ ಕೋಣೆಯ ಬಿಸಿಲು ಬಳಿದೆ. ಕಿಟಕಿಯ ಎದುರು ಗೋಡೆಗೆ ಅವನ ನೆರಳು ಬೀಳಿಸಿದೆ. ವಾರಗಟ್ಟಲೆ ಕೂತೆ. ಅಣ್ಣನ ಮುಖವನ್ನು ಅಷ್ಟು ಹೊತ್ತು ನಾನು ನೋಡಿದ್ದೇ ಇಲ್ಲ. ಅವನ ಎಡಹುಬ್ಬಿನ ಮೇಲಿನ ಗಾಯದ ಗುರುತು ನಾವು ಚಿಕ್ಕವರಿದ್ದಾಗ ನನ್ನನ್ನು ಹಿಡಿಯಲು ಬಂದು ಗೇಟಿಗೆ ಬಡಿದುಕೊಂಡದ್ದು. ಅದನ್ನೂ ಅಳಿಸದೆ ಉಳಿಸಿದೆ. ಎಲ್ಲ ಮುಗಿದಾಗ ನಮ್ಮ ಮನೆಯಲ್ಲಿ, ನಮ್ಮ ಬಿಸಿಲಲ್ಲಿ, ಅವನು ಕೂತಿದ್ದ. ನಾನೇ ಮಾಡಿದ್ದೆಂದು ಗೊತ್ತಿದ್ದೂ ಒಳಗೆ ಹೋಗಿ ಕಾಫಿ ಬೇಕಾ ಎಂದು ಕೇಳಬೇಕೆನಿಸಿತು.

ಹೀಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಎಲ್ಲ ನೋಡಿದವಳು ಒಂದನ್ನು ಮರೆತೆ. ಹಾಸಿಗೆಯ ಮೇಲೆ ಮನುಷ್ಯ ಕೂತರೆ ಅದು ಕುಸಿಯಬೇಕು. ಪೆಟ್ಟಿಗೆ ಕುಸಿಯುವುದಿಲ್ಲ.

ವಿಡಿಯೋ ಹಾಕಿದ ಮೇಲೆ ಏನಾಯಿತು ನಿಮಗೆ ಗೊತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಸಾವಿರಾರು ಜನ ನೋಡಿದರು, ಹಂಚಿದರು, ತಮ್ಮ ಮಕ್ಕಳಿಗೆ ಕಳಿಸಿ ಹೊಟ್ಟೆ ಉರಿಸಿದರು. ಆಗಲೇ ನನಗೆ ತಪ್ಪು ಕಾಣಿಸಿದ್ದು. ಕೂಡಲೇ ಅಣ್ಣನಿಗೆ ಫೋನು ಮಾಡಿದೆ.

“ಅಣ್ಣಾ, ದೊಡ್ಡ ತಪ್ಪಾಗಿದೆ. ನೀನು ಕೂತಾಗ ಹಾಸಿಗೆ ಕುಸಿದಿಲ್ಲ. ವಿಡಿಯೋ ತೆಗೆದು ಸರಿಮಾಡ್ತೀನಿ.”

ಆ ಕಡೆಯಿಂದ ನಗು. “ನೋಡಿದೆ ಕಣೇ. ಮುಟ್ಬೇಡ ಅದನ್ನ. ಗಿರಾಕಿಗಳು ಅದನ್ನೇ ಕೇಳ್ತಿದಾರೆ!”

ಮಾರನೆಯ ವಾರ ನಮ್ಮ ಅಡುಗೆಮನೆಯ ಕಿಟಕಿಯಿಂದ ಹೊಸ ಫಲಕ ಕಂಡಿತು. ಅಮ್ಮನ ಪಕ್ಕದಲ್ಲಿ ಅಣ್ಣ. ಕೆಳಗೆ ದಪ್ಪಕ್ಷರದಲ್ಲಿ: ‘ಮಗ ಕೂತರೂ ಕುಸಿಯದು, ತಾಯಿಯ ನಿದ್ದೆ ಕೆಡದು.’

ನಗಬೇಡಿ. ಅಥವಾ ನಗಿ, ನಿಮ್ಮಲ್ಲಿ ಕೆಲವರ ಮನೆಯಲ್ಲೂ ಆ ಹಾಸಿಗೆ ಇದೆ. ಈಗಾಗಲೇ ಕುಸಿದಿರಬೇಕು.

ಆ ವಿಡಿಯೋ ನೋಡಿಯೇ ಈ ಬಳಗದವರು ಇಂದಿನ ಫಲಕಕ್ಕೆ ಅಣ್ಣನನ್ನು ಆರಿಸಿದರು. ಮನೆಗೆ ಬಂದು ವಿಚಾರಿಸಬಹುದಿತ್ತಲ್ಲ ಎಂದು ನಾನು ಕೇಳುವುದಿಲ್ಲ. ಎರಡು ಬಸ್ ಸ್ಟಾಪಿನಿಂದ ಮಗನೇ ಬರದಿರುವಾಗ ಸಮಿತಿ ಯಾಕೆ ಬರಬೇಕು?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸರ್, ಸ್ವಲ್ಪ ತಡೆಯಿರಿ, ಊಟ ಸಿಗುತ್ತದೆ.

ಇದನ್ನೆಲ್ಲ ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆಯೇ? ಬಟ್ಟೆ ಹಾಕಿಕೊಳ್ಳುವಾಗ ಕನ್ನಡಿಯ ಮುಂದೆ ನನ್ನನ್ನು ನಾನೇ ಕೇಳಿದೆ. ಸ್ವಲ್ಪ ಇದೆ. ‘ಆದರ್ಶ ಪುತ್ರಿ’ ಎಂಬ ಫಲಕವನ್ನು ಈ ಬಳಗ ಯಾಕೆ ಮಾಡಿಸಿಲ್ಲವೆಂದು ಒಂದು ಕ್ಷಣ ಅನಿಸಿತು. ಮಗಳು ಮಾಡಿದರೆ ಅದು ಕೆಲಸ, ಮಗ ಮಾಡಿದರೆ ಅದು ವಿಡಿಯೋ. ಇದು ನನ್ನ ಮನೆಯದೊಂದೇ ನಿಯಮವಲ್ಲ. ಆದರೆ ಬರೀ ಹೊಟ್ಟೆಕಿಚ್ಚೇ ಆಗಿದ್ದರೆ ಇವತ್ತೂ ನುಂಗಿಕೊಳ್ಳುತ್ತಿದ್ದೆ. ಅಭ್ಯಾಸವಿದೆ. ಇವತ್ತು ಬಾಯಿ ಬಿಡಲು ಬೇರೆ ಕಾರಣವಿದೆ.

ಹೋದ ತಿಂಗಳು ಅಮ್ಮನ ಎಡಗಣ್ಣಿನ ಪೊರೆ ತೆಗೆಸಿದೆವು. ‘ತೆಗೆಸಿದೆವು’ ಎಂದರೆ ನಾನು ಮತ್ತು ಅಮ್ಮ. ಮಾರನೆಯ ಬೆಳಿಗ್ಗೆ ನರ್ಸ್ ಬಂದು ಪಟ್ಟಿ ಬಿಚ್ಚಿದರು. ಅಮ್ಮ ಕಣ್ಣು ಮಿಟುಕಿಸಿ ಮೊದಲು ನರ್ಸನ್ನು, ಆಮೇಲೆ ನನ್ನನ್ನು ನೋಡಿದಳು. “ಏನೇ ಇಷ್ಟು ವಯಸ್ಸಾಗಿದೆ ನಿಂಗೆ!” ಎಂದಳು. ಆಪರೇಷನ್ ಯಶಸ್ವಿಯಾಗಿದೆ ಎಂದು ನಾನು ತಿಳಿದುಕೊಂಡೆ.

ಮನೆಗೆ ಬಂದ ಮೇಲೆ ಅಮ್ಮ ಕೇಳಿದ ಮೊದಲ ವಸ್ತು ಆ ವಿಡಿಯೋ. ಇದುವರೆಗೆ ಮಸುಕಾಗಿ ನೋಡಿದ್ದನ್ನು ಸರಿಯಾಗಿ ನೋಡಬೇಕಂತೆ. ಹಾಕಿದೆ. ನೋಡಿದಳು. ಮತ್ತೆ ಹಾಕು ಎಂದಳು. ಹುಬ್ಬಿನ ಗಾಯದ ಗುರುತು ಕಂಡು, “ಗೇಟು” ಎಂದಳು. ಮೂರನೆಯ ಸಲ ಅವನು ಕೂರುವ ಹೊತ್ತಿಗೆ ನಿಲ್ಲಿಸು ಎಂದಳು.

“ಇವನು ಕೂತ್ರೂ ಹಾಸಿಗೆ ಹಾಗೇ ಇದೆಯಲ್ಲೇ.”

“ಹೌದಮ್ಮ. ಅದೊಂದು ತಪ್ಪಾಗೋಯ್ತು.”

“ತಪ್ಪೇನು ಬಂತು? ಅದೊಂದೇ ನಿಜ ಇರೋದು ಇದ್ರಲ್ಲಿ. ಬಂದೋರಿಗೆ ಭಾರ ಇರುತ್ತೆ ಕಣೇ. ರಾತ್ರಿ ನೀನು ಬಂದು ಕಾಲ ಹತ್ರ ಕೂತ್ರೆ, ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ ನಂಗೆ. ಆ ಕಡೆ ಸ್ವಲ್ಪ ವಾಲುತ್ತೆ.”

ಆಮೇಲೆ ಅಮ್ಮ ಜೀವನದಲ್ಲಿ ಮೊದಲ ಸಲ ನನ್ನ ಹತ್ತಿರ ಒಂದು ಆಸೆ ಹೇಳಿಕೊಂಡಳು. “ಇನ್ನೊಂದು ಕಣ್ಣಿಂದು ಪಟ್ಟಿ ಬಿಚ್ಚುವಾಗ ಅವನು ಎದುರಿಗಿರ್ಲಿ. ನೀನು ಏನು ಮಾಡ್ತೀಯೋ ಗೊತ್ತಿಲ್ಲ. ಹಸಿರು ಬಟ್ಟೆ ಬೇಡ. ಅವನೇ ಬರ್ಲಿ.”

ನಾನು ಫೋನು ಮಾಡಿದೆ. ಆಪರೇಷನ್ ದಿನ ಬೇಕಾಗಿಲ್ಲ ಅಣ್ಣ, ಮಾರನೆಯ ಬೆಳಿಗ್ಗೆ ಒಂದರ್ಧ ಗಂಟೆ ಬಾ, ಪಟ್ಟಿ ಬಿಚ್ಚುವ ಹೊತ್ತಿಗೆ ಇರು, ಸಾಕು ಎಂದೆ. ಅಣ್ಣ ದಿನ ಕೇಳಿದ. ಹೇಳಿದೆ.

“ಅಯ್ಯೋ, ಆವತ್ತು ಡೀಲರುಗಳ ಮೀಟಿಂಗ್ ಇದೆ ಕಣೇ. ಒಂದು ಕೆಲಸ ಮಾಡು. ಪಟ್ಟಿ ಬಿಚ್ಚೋದನ್ನ ನೀನು ತೆಗೆದಿಟ್ಕೋ, ಅಮ್ಮಂಗೆ ಆ ಚೆಂಡು ತೋರ್ಸು. ಭಾನುವಾರ ನಾನು ನನ್ನ ಭಾಗ ಮಾಡ್ಕೊಡ್ತೀನಿ. ಭಾಗ ಎರಡು ಯಾವಾಗ ಅಂತ ಜನ ಕೇಳ್ತಾನೇ ಇದಾರೆ.”

ಸಭಿಕರೇ, ನಾನು ಫೋನು ಇಟ್ಟೆ. ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಟೆಲಿಫೋನ್ ಆಪರೇಟರಿಗೆ ಒಂದು ಕಡೆಯ ಮಾತು ಕೇಳಿದರೆ ಸಾಕು, ಇನ್ನೊಂದು ಕಡೆಯದು ತಾನಾಗಿ ತಿಳಿಯುತ್ತದೆ. “ಲೈನ್ ಬ್ಯುಸಿನಾ?” ಎಂದಳು. ಅಷ್ಟೇ. ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಒಂದೇ ಕಣ್ಣಿನಲ್ಲಿ ಏನು ಹೊಲಿಯುತ್ತಾಳೆಂದು ನಾನು ಬೈಯಲು ಹೋದೆ. ನೋಡಿದರೆ ನನ್ನ ಹಸಿರು ಬಟ್ಟೆ. ಕತ್ತರಿಸಿ ದಿಂಬಿನ ಚೀಲ ಮಾಡುತ್ತಿದ್ದಳು. ಹೊಲಿಗೆ ಸೊಟ್ಟಗಿತ್ತು, ಬಟ್ಟೆ ಮಾತ್ರ ಪೂರ್ತಿ ಮುಗಿದಿತ್ತು. ಹೀಗಾಗಿ ‘ಭಾಗ ಎರಡು’ ಕೇಳುತ್ತಿರುವ ಅಭಿಮಾನಿಗಳ ಕ್ಷಮೆ ಕೋರುತ್ತೇನೆ. ಸಾಮಗ್ರಿ ಇಲ್ಲ.

ಇವತ್ತು ಮನೆಯಿಂದ ಹೊರಡುವಾಗ ಅಮ್ಮನಿಗೆ ಹೇಳಿದೆ, ನಾನು ಏನಾದರೂ ಆಡಿಬಿಟ್ಟೇನು, ನೀನು ಬೇಜಾರು ಮಾಡಿಕೊಳ್ಳಬೇಡ ಎಂದು. ಅಮ್ಮ ಕಪ್ಪು ಕನ್ನಡಕ ಸರಿಮಾಡಿಕೊಂಡು, “ಹೇಳೋದಿದ್ರೆ ನಗ್ತಾ ಹೇಳು. ಅತ್ಕೊಂಡು ಹೇಳಿದ್ರೆ ಅವನು ಬಂದು ಸಮಾಧಾನ ಮಾಡ್ತಾನೆ, ಅದನ್ನೂ ಯಾರೋ ವಿಡಿಯೋ ತೆಗೀತಾರೆ” ಎಂದಳು. ಅದಕ್ಕೇ ಇಷ್ಟು ಹೊತ್ತೂ ನಗುತ್ತಲೇ ಹೇಳಿದ್ದೇನೆ.

ಅಣ್ಣಾ, ಈಗ ನಿನ್ನ ಜೊತೆ ಒಂದು ಮಾತು. ತಲೆ ತಗ್ಗಿಸಬೇಡ, ಬೆಳಕು ಮುಖಕ್ಕೆ ಬೀಳುವುದಿಲ್ಲ. ಫಲಕ ನಿನ್ನದೇ, ಯಾರೂ ಕಿತ್ತುಕೊಳ್ಳುವುದಿಲ್ಲ. ನೀನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅಂಥವನಾಗಿದ್ದರೆ ಅಮ್ಮ ಭಾನುವಾರಗಳಂದು ತಲೆ ಬಾಚಿಕೊಳ್ಳುವುದನ್ನು ಎಂದೋ ಬಿಡುತ್ತಿದ್ದಳು. ಸ್ವಲ್ಪ ಕೆಳಗೆ ನೋಡು. ನೀನು ಕೂತ ಸೋಫಾ ಎಷ್ಟು ಕುಸಿದಿದೆ! ಪಕ್ಕದಲ್ಲಿರುವ ಮುಖ್ಯ ಅತಿಥಿಗಳು ನಿನ್ನ ಕಡೆಗೆ ವಾಲಿದ್ದಾರೆ. ಅದನ್ನು ನೋಡಿ ಎಷ್ಟು ಸಮಾಧಾನವಾಯಿತು ಗೊತ್ತಾ? ನೀನು ನಿಜವಾಗಿ ಬಂದಿದ್ದೀಯ. ಅಮ್ಮ ಸಂಜೆಯಿಂದ ಆ ಸೋಫಾವನ್ನೇ ನೋಡುತ್ತಿದ್ದಾಳೆ. ಹೊಸ ಕಣ್ಣಿನಿಂದ ಅವಳು ನಿನ್ನನ್ನು ಎದುರಿಗೆ ನೋಡುತ್ತಿರುವುದು ಇವತ್ತೇ ಮೊದಲು. ಅದಕ್ಕೆ ಹಿರಿಯರ ಬಳಗಕ್ಕೆ ನಿಜವಾಗಿಯೂ ನಾನು ಋಣಿ. ನಮ್ಮಿಂದ ಆಗದ್ದನ್ನು ನಿಮ್ಮ ಫಲಕ ಮಾಡಿತು.

ಪಟ್ಟಿ ಬಿಚ್ಚುವುದನ್ನು ನಾನು ಚಿತ್ರೀಕರಿಸುತ್ತೇನೆ. ಅಮ್ಮನನ್ನು ಕೇಳಿದ್ದೇನೆ. “ತೆಗಿ. ಯಾರಿರ್ತಾರೋ ಅವರೇ ಇರ್ಲಿ” ಎಂದಿದ್ದಾಳೆ. ಕ್ಯಾಮೆರಾ ಟ್ರೈಪಾಡಿನ ಮೇಲೆ ಕದಲದೆ ನಿಂತಿರುತ್ತದೆ. ಒಂದೇ ಉದ್ದನೆಯ ದೃಶ್ಯ. ಕತ್ತರಿಸುವುದಿಲ್ಲ, ಅಂಟಿಸುವುದಿಲ್ಲ, ಬಣ್ಣ ಬಳಿಯುವುದಿಲ್ಲ. ಅಮ್ಮ ಇರುತ್ತಾಳೆ, ನರ್ಸ್ ಇರುತ್ತಾರೆ. ಅಮ್ಮನ ಎದುರಿಗೆ ಮಂಚದ ಅಂಚನ್ನು ಖಾಲಿ ಬಿಟ್ಟಿರುತ್ತೇನೆ. ಆಸ್ಪತ್ರೆಯ ಹಾಸಿಗೆ ಅಗ್ಗದ್ದು, ಬೆಕ್ಕು ಕೂತರೂ ಕುಸಿಯುತ್ತದೆ. ಯಾರಾದರೂ ಬಂದು ಕೂತರೆ ಕುಸಿದದ್ದು ಕಾಣುತ್ತದೆ. ಯಾರೂ ಕೂರದಿದ್ದರೆ ಅದೂ ಕಾಣುತ್ತದೆ. ನೀವೆಲ್ಲ ನೋಡಬೇಕು. ಈ ಸಲ ಅಮ್ಮನ ಮುಖವನ್ನಲ್ಲ, ಹಾಸಿಗೆಯ ಅಂಚನ್ನು ನೋಡಿ.

ನನಗೆ ಮಾತಿಗೆ ಅವಕಾಶ ಕೊಟ್ಟ, ಕೊಟ್ಟದ್ದಕ್ಕೆ ಈಗ ಪಶ್ಚಾತ್ತಾಪಪಡುತ್ತಿರುವ ಕಾರ್ಯದರ್ಶಿಗಳಿಗೆ, ಗಡಿಯಾರ ನೋಡುವುದನ್ನು ಬಿಟ್ಟ ಅಧ್ಯಕ್ಷರಿಗೆ, ವಾಲಿ ಕೂತ ಮುಖ್ಯ ಅತಿಥಿಗಳಿಗೆ, ನಡುವೆ ಎದ್ದುಹೋಗದ ನಿಮಗೆ, ಇಷ್ಟು ಹೊತ್ತೂ ಎದ್ದುಹೋಗದೆ ಕೂತ ನನ್ನ ಅಣ್ಣನಿಗೆ ಧನ್ಯವಾದ. ನಮಸ್ಕಾರ.

ಕೂತಲ್ಲಿಂದ ಅಮ್ಮ ಕೈಸನ್ನೆ ಮಾಡುತ್ತಿದ್ದಾಳೆ; ದಿನ ಹೇಳುವುದನ್ನು ಮರೆತೆನಂತೆ. ಪಟ್ಟಿ ಬಿಚ್ಚುವ ದಿನವೇ ವಿಡಿಯೋ ಪೋಸ್ಟ್ ಮಾಡುತ್ತೇನೆ: ನವೆಂಬರ್ ಇಪ್ಪತ್ತೊಂದು, ಗುರುವಾರ.